ದಿನಕ್ಕೂ ವರ್ಷಕ್ಕೂ ಏನು ನಂಟು?

ಪುಟ್ಟೀ, ನಿನ್ನ ಪುಸ್ತಕದ ಕೋಷ್ಟಕದಲ್ಲಿ ಎಂಟು ಗ್ರಹಗಳ ಹೆಸರಿನ ಮುಂದೆ ಎರಡೆರಡು ಅಂಕಿಗಳಿವೆ. ಒಂದು, ಗ್ರಹ ತನ್ನ ಸುತ್ತ ತಾನು ಒಮ್ಮೆ ತಿರುಗಲು ಹಿಡಿಯುವ ಕಾಲ. ಇನ್ನೊಂದು, ಸೂರ್ಯನ ಸುತ್ತ ಒಂದು ಸುತ್ತು ಮುಗಿಸಲು ಹಿಡಿಯುವ ಕಾಲ. ಬುಧ ನಿಧಾನವಾಗಿ ತಿರುಗುತ್ತದೆ, ಅದರ ವರ್ಷ ಚಿಕ್ಕದು. ಗುರು ಭರದಿಂದ ತಿರುಗುತ್ತದೆ, ಅದರ ವರ್ಷ ದೊಡ್ಡದು. ಹಾಗಾದರೆ ಬೇಗ ತಿರುಗಿದಷ್ಟೂ ವರ್ಷ ಉದ್ದವಾಗುತ್ತದೆಯೇ, ಇವೆರಡನ್ನೂ ಕೂಡಿಸುವ ಸೂತ್ರ ಯಾವುದು ಅಜ್ಜೀ, ಎಂದು ಕೇಳಿದ್ದೀಯ.

ಅಂಥ ಸೂತ್ರ ಇಲ್ಲ. ಕೋಷ್ಟಕದ ಕೆಳಗಿನ ಸಾಲುಗಳಿಗೆ ಇಳಿದರೆ ನಿನಗೇ ಗೊತ್ತಾಗುತ್ತದೆ. ಗುರು 10 ಗಂಟೆಯೊಳಗೆ ಒಮ್ಮೆ ತಿರುಗುತ್ತದೆ, ಅದರ ವರ್ಷ ನಮ್ಮ 12 ವರ್ಷಕ್ಕೆ ತುಸು ಕಡಿಮೆ. ನೆಪ್ಚೂನ್ ತಿರುಗಲು 16 ಗಂಟೆ ಬೇಕು. ಗುರುವಿಗಿಂತ ನಿಧಾನವಾಗಿ ತಿರುಗಿದರೂ ಅದರ ವರ್ಷ ನಮ್ಮ ಸುಮಾರು 165 ವರ್ಷ. ಭೂಮಿ 24 ಗಂಟೆಯ ಆಸುಪಾಸಿನಲ್ಲಿ ತಿರುಗಿದರೆ ಮಂಗಳ 24 ಗಂಟೆ 37 ನಿಮಿಷಕ್ಕೆ ತಿರುಗುತ್ತದೆ. ದಿನದಲ್ಲಿ ಅವಳಿಗಳಂತೆ ಕಾಣುವ ಈ ಎರಡರ ಪೈಕಿ ಒಂದರ ವರ್ಷ 365 ದಿನ, ಇನ್ನೊಂದರದು 687 ದಿನ. ನಿನ್ನ ಊಹೆ ಅಲ್ಲಿಗೇ ಮುರಿದುಬಿತ್ತು.

ಆದರೆ ಕೇಳಿದ ಪ್ರಶ್ನೆ ಸಣ್ಣದಲ್ಲ ಕಣೇ. ಬಹಳ ದೊಡ್ಡವರು ಇದನ್ನೇ ಕೇಳಿಕೊಂಡಿದ್ದಾರೆ, ಕೆಲವರು ಜಾರಿದ್ದಾರೆ, ಕೆಲವರು ನಿಜವಾದ ನಂಟನ್ನು ಹಿಡಿದಿದ್ದಾರೆ. ಅದಕ್ಕೇ "ಇಲ್ಲ" ಎಂಬ ಒಂದು ಮಾತಿಗೆ ನೀನು ಪುಸ್ತಕ ಮುಚ್ಚಬಾರದು ಅನ್ನಿಸಿ ಇಷ್ಟುದ್ದ ಬರೆಯುತ್ತಿದ್ದೇನೆ.

ಎರಡು ಅಂಕಿ ಅಕ್ಕಪಕ್ಕ ಕೂತ ಮಾತ್ರಕ್ಕೆ ಅವು ಬಂಧುಗಳಾಗುವುದಿಲ್ಲ. ಮೊದಲು ಒಂದೊಂದನ್ನೂ ಬೇರೆಯಾಗಿ ನಿಲ್ಲಿಸಿ, ನೀನು ಎಲ್ಲಿಂದ ಬಂದೆ ಎಂದು ಕೇಳಬೇಕು. ವರ್ಷವನ್ನು ಕೇಳಿದರೆ ಅದು ಸೂರ್ಯನಿಂದ ತನಗಿರುವ ದೂರವನ್ನು ತೋರಿಸುತ್ತದೆ. ಕೆಪ್ಲರ್ 1619ರಲ್ಲಿ ಪ್ರಕಟಿಸಿದ ಮೂರನೆಯ ನಿಯಮ ಅದೇ. ಭೂಮಿಗೂ ಸೂರ್ಯನಿಗೂ ಇರುವ ದೂರವನ್ನು 1 ಎಂದುಕೊಂಡರೆ ಗುರುವಿನ ದೂರ 5.2. ಅದರ ಘನ ಸುಮಾರು 140.6, ಅದರ ವರ್ಗಮೂಲ 11.86. ಗುರುವಿನ ವರ್ಷ 11.86 ವರ್ಷ. ಗುರು ಎಷ್ಟು ದಪ್ಪ, ಯಾವುದರಿಂದ ಆಗಿದೆ, ಎಷ್ಟು ಬೇಗ ತಿರುಗುತ್ತದೆ ಎಂಬ ಯಾವ ಮಾತೂ ಈ ಲೆಕ್ಕದಲ್ಲಿ ಬರಲಿಲ್ಲ, ನೋಡು. ನಾಳೆ ಭೂಮಿ ತಿರುಗುವುದನ್ನೇ ನಿಲ್ಲಿಸಿದರೂ ಅದು ಸೂರ್ಯನನ್ನು ಈಗಿನಷ್ಟೇ ಕಾಲದಲ್ಲಿ ಸುತ್ತುತ್ತದೆ.

ತಿರುಗುವ ಕಾಲವನ್ನು ಕೇಳಿದರೆ ಅದು ತನ್ನ ಹುಟ್ಟಿನ ಕಥೆ ಹೇಳುತ್ತದೆ. ಸೂರ್ಯನ ಸುತ್ತ ಇದ್ದ ಅನಿಲ, ಧೂಳು, ಕಲ್ಲುಗಳ ತಟ್ಟೆಯಿಂದ ಗ್ರಹಗಳು ಕೂಡಿಕೊಂಡಾಗ, ಬಂದು ಬಡಿದ ಪ್ರತಿಯೊಂದು ತುಣುಕೂ ಗ್ರಹಕ್ಕೆ ಒಂದಿಷ್ಟು ತಿರುಗು ಕೊಟ್ಟಿತು ಅಥವಾ ಇದ್ದುದರಲ್ಲಿ ಒಂದಿಷ್ಟು ಕಸಿದುಕೊಂಡಿತು. ಭಾರೀ ಪ್ರಮಾಣದ ಅನಿಲವನ್ನು ಸೆಳೆದುಕೊಂಡ ಗುರು, ಶನಿಗಳು ಹತ್ತು ಗಂಟೆಯ ಆಚೀಚೆ ತಿರುಗುತ್ತವೆ. ಯುರೇನಸ್ ಹೆಚ್ಚುಕಡಿಮೆ ಮಲಗಿಕೊಂಡೇ ತಿರುಗುತ್ತದೆ, ಅದರ ಅಕ್ಷದ ಓರೆ ಸುಮಾರು 98 ಡಿಗ್ರಿ. ಎಂದೋ ಬಿದ್ದ ಒಂದು ದೊಡ್ಡ ಪೆಟ್ಟಿನಿಂದ ಹೀಗಾಯಿತು ಎಂಬುದು ಬಹಳ ಮಂದಿ ವಿಜ್ಞಾನಿಗಳ ಎಣಿಕೆ. ವರ್ಷ ನಿಯಮದಿಂದ ಬಂದದ್ದು, ದಿನ ಚರಿತ್ರೆಯಿಂದ ಬಂದದ್ದು. ನಿಯಮವನ್ನು ಸಮೀಕರಣದಲ್ಲಿ ಬರೆಯಬಹುದು. ಚರಿತ್ರೆಯನ್ನು ತಾಳ್ಮೆಯಿಂದ ಹುಡುಕಿ ತೆಗೆಯಬೇಕು.

ಇದನ್ನು ಗಮನಿಸದೆ ಜಾರಿದ ಒಬ್ಬರ ಕಥೆ ಹೇಳುತ್ತೇನೆ, ಅವರ ಮೇಲೆ ನನಗೆ ಬಹಳ ಗೌರವ. ಡೇನಿಯಲ್ ಕರ್ಕ್‌ವುಡ್ ಎಂದು ಹೆಸರು. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಶಾಲೆಯ ಮೇಷ್ಟ್ರು. ಗ್ರಹಗಳ ವರ್ಷಕ್ಕೆ ಕೆಪ್ಲರ್ ನಿಯಮ ಇದ್ದಂತೆ ಅವು ತಿರುಗುವುದಕ್ಕೂ ಒಂದು ನಿಯಮ ಇರಬೇಕೆಂದು ವರ್ಷಗಟ್ಟಲೆ ಲೆಕ್ಕ ಹಾಕಿ 1849ರಲ್ಲಿ ಅದನ್ನು ವಿದ್ವಾಂಸರ ಮುಂದಿಟ್ಟರು. ಗ್ರಹವೊಂದು ತನ್ನ ಒಂದು ವರ್ಷದಲ್ಲಿ ಎಷ್ಟು ಬಾರಿ ತಿರುಗುತ್ತದೆಯೋ ಆ ಸಂಖ್ಯೆಯ ವರ್ಗ, ಆ ಗ್ರಹದ ಆಕರ್ಷಣೆ ನಡೆಯುವ ವಲಯದ ವ್ಯಾಸದ ಘನಕ್ಕೆ ಅನುಪಾತದಲ್ಲಿರುತ್ತದೆ ಎಂಬುದು ಅವರ ಮಾತು. ಥೇಟ್ ಕೆಪ್ಲರ್ ನಿಯಮದ ಅಚ್ಚು! ನೀನು ಕೇಳಿದ ಪ್ರಶ್ನೆಗೇ ಉತ್ತರ. ಜನ ಹಿಗ್ಗಿದರು. ಅವರನ್ನು ಅಮೆರಿಕದ ಕೆಪ್ಲರ್ ಎಂದು ಕರೆದರು.

ಆ ನಿಯಮ ಉಳಿಯಲಿಲ್ಲ. ಅವರ ಕಾಲದ ಪುಸ್ತಕಗಳಲ್ಲಿ ಬುಧವೂ ಶುಕ್ರವೂ ಸುಮಾರು 24 ಗಂಟೆಗೊಮ್ಮೆ ತಿರುಗುತ್ತವೆ ಎಂದಿತ್ತು. ಅವರು ಅದನ್ನೇ ನಂಬಿ ಲೆಕ್ಕಕ್ಕೆ ತಗೊಂಡರು. ನಿಜದಲ್ಲಿ ಬುಧಕ್ಕೆ ಸುಮಾರು 59 ದಿನ, ಶುಕ್ರಕ್ಕೆ 243 ದಿನ ಬೇಕು. ಬುನಾದಿಯ ಅಂಕಿಯೇ ತಪ್ಪಾಗಿದ್ದರೂ ಮೇಲಿನ ಸೂತ್ರ ಚೆಂದವಾಗಿ ಕೂತಿತ್ತು ಎಂಬುದನ್ನು ಯೋಚಿಸು. ಏಳೆಂಟು ಅಂಕಿಗಳಿಗೆ ಹೊಂದುವ ಒಂದು ಸೂತ್ರವನ್ನು ಹುಡುಕುತ್ತ ಹೋದರೆ ಯಾವುದೋ ಒಂದು ಸಿಕ್ಕೇ ಸಿಗುತ್ತದೆ. ಈಗ ನಿನ್ನ ಫೋನಿಗೆ ಬರುವ ಎಷ್ಟೋ ವಿಡಿಯೊಗಳು ಇದೇ ಕೆಲಸ ಮಾಡುತ್ತವೆ. ಪಿರಮಿಡ್ಡಿನ ಎತ್ತರ, ಚಂದ್ರನ ದೂರ, 108, ಹೀಗೆ ಅಂಕಿಗೆ ಅಂಕಿ ಗಂಟುಹಾಕಿ ಬೆರಗು ಹುಟ್ಟಿಸುತ್ತವೆ. ಅಂಥದ್ದು ಎದುರಾದಾಗ ಒಂದೇ ಪ್ರಶ್ನೆ ಕೇಳು: ಈ ಎರಡನ್ನೂ ಕಟ್ಟಿದ್ದು ಯಾವ ಬಲ? ಉತ್ತರ ಬರದಿದ್ದರೆ ಮುಂದಕ್ಕೆ ನಡೆ.

ಕರ್ಕ್‌ವುಡ್ ಅಲ್ಲಿಗೇ ನಿಲ್ಲಲಿಲ್ಲ, ಅದಕ್ಕೇ ಅವರೆಂದರೆ ನನಗೆ ಇಷ್ಟ. ಮಂಗಳಕ್ಕೂ ಗುರುವಿಗೂ ನಡುವೆ ಸುತ್ತುವ ಕ್ಷುದ್ರಗ್ರಹಗಳ ದೂರವನ್ನು ಪಟ್ಟಿಮಾಡಿ ನೋಡುತ್ತ, ಕೆಲವು ದೂರಗಳಲ್ಲಿ ಅವು ಇಲ್ಲವೆನ್ನುವಷ್ಟು ಕಡಿಮೆ ಎಂಬುದನ್ನು 1866ರಲ್ಲಿ ತೋರಿಸಿದರು. ಆ ಖಾಲಿ ಜಾಗಗಳಲ್ಲಿ ಏನಾದರೂ ಸುತ್ತುತ್ತಿದ್ದರೆ ಅದರ ವರ್ಷ ಗುರುವಿನ ವರ್ಷದ ಸರಿಯಾಗಿ ಅರ್ಧವೋ ಮೂರರಲ್ಲೊಂದೋ ಆಗುತ್ತಿತ್ತು. ಹಾಗೆ ಸುತ್ತುವ ಕಲ್ಲಿಗೆ ಗುರುವಿನ ಸೆಳೆತ ಮತ್ತೆ ಮತ್ತೆ ಅದೇ ಜಾಗದಲ್ಲಿ ತಗಲಿ, ಕೊನೆಗೆ ಅದನ್ನು ದಾರಿ ತಪ್ಪಿಸುತ್ತದೆ. ಇಲ್ಲಿ ಅಂಕಿಗಳು ಹೊಂದಿದ್ದಕ್ಕೆ ಕಾರಣ ಇತ್ತು. ಅದೇ ಮನುಷ್ಯ, ಅದೇ ತಾಳ್ಮೆ, ಮೊದಲ ಬಾರಿ ಬರಿಯ ಹೊಂದಿಕೆ, ಎರಡನೆಯ ಬಾರಿ ನಿಜವಾದ ನಂಟು. ಖಗೋಳಶಾಸ್ತ್ರದಲ್ಲಿ ಆ ಖಾಲಿ ಜಾಗಗಳಿಗೆ ಇಂದಿಗೂ ಅವರದೇ ಹೆಸರು.

ಈಗ ನಿನ್ನ ಪ್ರಶ್ನೆಯ ಇನ್ನೊಂದು ಮುಖಕ್ಕೆ ಬರುತ್ತೇನೆ. ತಿರುಗುವ ಕಾಲಕ್ಕೂ ಸುತ್ತುವ ಕಾಲಕ್ಕೂ ಎಲ್ಲ ಗ್ರಹಗಳಲ್ಲೂ, ಯಾವಾಗಲೂ ತಪ್ಪದ ಒಂದು ನಂಟು ಇದ್ದೇ ಇದೆ. ಅದು ಇವೆರಡನ್ನೂ ಕೂಡಿಸಿ ಹುಟ್ಟುವ ಮೂರನೆಯ ಸಂಗತಿಯಲ್ಲಿದೆ: ಸೂರ್ಯೋದಯದಿಂದ ಸೂರ್ಯೋದಯದವರೆಗಿನ ದಿನ.

ಭೂಮಿ ಒಮ್ಮೆ ತಿರುಗಲು 24 ಗಂಟೆ ಬೇಕು ಎಂದು ನಿನಗೆ ಕಲಿಸಿದ್ದಾರೆ. ಅದು ಸೂರ್ಯನನ್ನು ನೋಡಿ ಹಾಕಿದ ಲೆಕ್ಕ. ನಕ್ಷತ್ರವನ್ನು ನೋಡಿ ಹಾಕಿದರೆ 23 ಗಂಟೆ 56 ನಿಮಿಷ 4 ಸೆಕೆಂಡು. ಇದನ್ನು ನನ್ನ ಮಾತಿನ ಮೇಲೆ ನಂಬಬೇಡ, ತಾರಸಿಗೆ ಹೋಗಿ ನೋಡು. ಒಂದೇ ಜಾಗದಲ್ಲಿ ಕೂತು, ಎದುರು ಮನೆಯ ನೀರಿನ ಟ್ಯಾಂಕಿನ ಅಂಚಿಗೆ ಒಂದು ಹೊಳೆಯುವ ನಕ್ಷತ್ರ ಮರೆಯಾಗುವ ಹೊತ್ತನ್ನು ಬರೆದಿಡು. ರೋಹಿಣಿಯೋ ಆರ್ದ್ರಾವೋ ಆದರೆ ಗುರುತು ಹಿಡಿಯುವುದು ಸುಲಭ. ಮರುದಿನ ಅದು ಸುಮಾರು ನಾಲ್ಕು ನಿಮಿಷ ಮೊದಲೇ ಮರೆಯಾಗುತ್ತದೆ. ಹದಿನೈದು ದಿನಕ್ಕೆ ಒಂದು ಗಂಟೆ ಮೊದಲು, ತಿಂಗಳಿಗೆ ಎರಡು ಗಂಟೆ ಮೊದಲು. ವರ್ಷ ತುಂಬುವ ಹೊತ್ತಿಗೆ ಇಪ್ಪತ್ತನಾಲ್ಕು ಗಂಟೆ ಮುಂದೆ ಬಂದು ಮೊದಲ ಹೊತ್ತಿಗೇ ಸೇರಿಕೊಳ್ಳುತ್ತದೆ. ಅಂದರೆ ಒಂದು ವರ್ಷದಲ್ಲಿ ಸೂರ್ಯ 365 ಬಾರಿ ಹುಟ್ಟಿದರೆ ನಕ್ಷತ್ರ 366 ಬಾರಿ ಹುಟ್ಟಿತು. ಭೂಮಿ ನಿಜಕ್ಕೂ ತಿರುಗಿದ್ದು 366 ಬಾರಿ.

ಆ ಹೆಚ್ಚಿನ ಒಂದು ಎಲ್ಲಿಂದ ಬಂತು? ನಿಮ್ಮಮ್ಮ ತುಳಸಿಕಟ್ಟೆಗೆ ಪ್ರದಕ್ಷಿಣೆ ಬರುವುದನ್ನು ನೆನೆಸಿಕೋ. ಮುಖ ಸದಾ ತುಳಸಿಯ ಕಡೆಗೇ ಇಟ್ಟುಕೊಂಡು ಒಂದು ಸುತ್ತು ಬಂದರು ಅನ್ನು. ತುಳಸಿಯ ಲೆಕ್ಕದಲ್ಲಿ ಅವರು ತಿರುಗಲೇ ಇಲ್ಲ, ಬೆನ್ನು ಒಮ್ಮೆಯೂ ಕಾಣಲಿಲ್ಲ. ಆದರೆ ಅಂಗಳದ ನಾಲ್ಕೂ ಗೋಡೆಗೆ ಒಂದಾದ ಮೇಲೊಂದರಂತೆ ಮುಖ ಮಾಡಿ ಆಗಿದೆ, ಗೋಡೆಯ ಲೆಕ್ಕದಲ್ಲಿ ಒಂದು ಸುತ್ತು ತಿರುಗಿದ್ದಾರೆ. ಸೂರ್ಯನನ್ನು ಸುತ್ತುವ ಕೆಲಸವೇ ಭೂಮಿಯ ತಿರುಗಿನಲ್ಲಿ ಒಂದನ್ನು ನುಂಗಿಬಿಡುತ್ತದೆ.

ಇದನ್ನು ಆರ್ಯಭಟ ತನ್ನ ಗ್ರಂಥದಲ್ಲಿ ಎಷ್ಟು ನಿಚ್ಚಳವಾಗಿ ಹೇಳಿದ್ದಾನೆಂದರೆ, ಓದಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಆರ್ಯಭಟೀಯದ ಕಾಲ ಕ್ರಿ.ಶ. 499, ಆಗ ಅವನಿಗೆ 23 ವರ್ಷ, ನಿನಗಿಂತ ಐದಾರು ವರ್ಷ ದೊಡ್ಡವನು ಅಷ್ಟೇ. 43,20,000 ವರ್ಷಗಳ ಒಂದು ಯುಗದಲ್ಲಿ ಭೂಮಿ ಪೂರ್ವಕ್ಕೆ 1,58,22,37,500 ಬಾರಿ ತಿರುಗುತ್ತದೆ ಎಂದು ಅವನು ಕೊಟ್ಟ. ತಿರುಗುಗಳ ಸಂಖ್ಯೆಯಲ್ಲಿ ಸೂರ್ಯನ ಸುತ್ತುಗಳ ಸಂಖ್ಯೆಯನ್ನು ಕಳೆದರೆ ದಿನಗಳ ಸಂಖ್ಯೆ ಎಂದೂ ಹೇಳಿದ. ಕಳೆ: 1,57,79,17,500 ದಿನ. ಅದನ್ನು 43,20,000ದಿಂದ ಭಾಗಿಸಿದರೆ ವರ್ಷಕ್ಕೆ 365.25868 ದಿನ. ನಕ್ಷತ್ರದಿಂದ ನಕ್ಷತ್ರಕ್ಕೆ ಅಳೆದ ಇಂದಿನ ವರ್ಷಕ್ಕಿಂತ ಇದು ಮೂರು ನಿಮಿಷ ಚಿಲ್ಲರೆ ಮಾತ್ರ ಹೆಚ್ಚು. ಒಂದು ತಿರುಗಿಗೆ ಎಷ್ಟು ಹೊತ್ತು ಎಂದು ಇದೇ ಅಂಕಿಗಳಿಂದ ತೆಗೆದರೆ 23 ಗಂಟೆ 56 ನಿಮಿಷ 4.1 ಸೆಕೆಂಡು ಬರುತ್ತದೆ, ಈಗಿನ ಅಳತೆಯೂ ಅದೇ.

ಭೂಮಿ ತಿರುಗುತ್ತದೆ ಎಂಬ ಅವನ ಮಾತನ್ನು ಮುಂದೆ ಬ್ರಹ್ಮಗುಪ್ತನಂಥ ಮಹಾ ಗಣಿತಜ್ಞನೇ ಒಪ್ಪಲಿಲ್ಲ. ಆದರೂ ಆ ಕಳೆಯುವ ಲೆಕ್ಕ ಕೆಡಲಿಲ್ಲ. ಆಕಾಶವೇ ತಿರುಗುತ್ತದೆ ಎಂದುಕೊಂಡವರಿಗೂ ನಕ್ಷತ್ರ ಹುಟ್ಟುವ ಸಂಖ್ಯೆ 366, ಸೂರ್ಯ ಹುಟ್ಟುವ ಸಂಖ್ಯೆ 365. ಎಣಿಕೆ ಸರಿಯಾಗಿದ್ದರೆ ಅದರ ಹಿಂದಿನ ಕಾರಣದ ಜಗಳ ಮುಗಿಯುವವರೆಗೂ ಅದು ಕಾಯುತ್ತದೆ.

ನಮ್ಮ ರೈತರು ಮಳೆಗಳನ್ನು ನಕ್ಷತ್ರಗಳ ಹೆಸರಿನಿಂದ ಕರೆಯುವುದೂ ಈ ನಾಲ್ಕು ನಿಮಿಷದ ಜಾರುವಿಕೆಯಿಂದಲೇ. ಸೂರ್ಯ ಒಂದು ವರ್ಷದಲ್ಲಿ 27 ನಕ್ಷತ್ರಗಳನ್ನು ದಾಟುತ್ತಾನೆ, ಒಂದೊಂದಕ್ಕೆ ಹದಿಮೂರೂವರೆ ದಿನ. ಮೇ ಕೊನೆಯ ವಾರಕ್ಕೆ ರೋಹಿಣಿ ಮಳೆ, ಜೂನ್ ಎರಡನೆಯ ವಾರದಿಂದ ಮೃಗಶಿರ, ಜೂನ್ 22ರ ಹೊತ್ತಿಗೆ ಆರಿದ್ರಾ. ಹಗಲಲ್ಲಿ ನಕ್ಷತ್ರ ಕಾಣದಿದ್ದರೂ ಸೂರ್ಯ ಯಾವ ನಕ್ಷತ್ರದಲ್ಲಿದ್ದಾನೆ ಎಂದು ಹೇಳಬಲ್ಲವರಿಗೆ ಭೂಮಿಯ ಸುತ್ತಿನಲ್ಲಿ ನಾವು ಎಲ್ಲಿದ್ದೇವೆ ಎಂಬುದು ಗೊತ್ತಿತ್ತು. ನಿನ್ನ ಮುತ್ತಜ್ಜ ಕ್ಯಾಲೆಂಡರಿನ ತಾರೀಕಿಗಿಂತ ಇದನ್ನೇ ಹೆಚ್ಚು ನಂಬುತ್ತಿದ್ದರು.

ಆರ್ಯಭಟನ ಆ ಕಳೆಯುವ ಲೆಕ್ಕವನ್ನು ಜೇಬಿನಲ್ಲಿಟ್ಟುಕೊಂಡು ಬುಧಕ್ಕೆ ಹೋಗೋಣ ಬಾ. ಬುಧದ ವರ್ಷ ಸುಮಾರು 88 ದಿನ. ಇಟಲಿಯ ಖಗೋಳವಿಜ್ಞಾನಿ ಸ್ಕಿಯಾಪರೆಲ್ಲಿ ವರ್ಷಗಳ ಕಾಲ ದೂರದರ್ಶಕದಲ್ಲಿ ಅದರ ಮೇಲಿನ ಮಸುಕು ಗುರುತುಗಳನ್ನು ಬಿಡಿಸಿಕೊಂಡು, ಅದು ತಿರುಗುವುದೂ 88 ದಿನಕ್ಕೇ, ಒಂದೇ ಮುಖ ಸದಾ ಸೂರ್ಯನ ಕಡೆಗಿದೆ ಎಂದು 1889ರಲ್ಲಿ ಸಾರಿದರು. ಮುಕ್ಕಾಲು ಶತಮಾನ ಎಲ್ಲ ಪುಸ್ತಕಗಳಲ್ಲೂ ಅದೇ ಇತ್ತು. ನೋಡಿದವರೆಲ್ಲ ಅದನ್ನೇ ನೋಡಿದರು. 1965ರಲ್ಲಿ ಪೋರ್ಟೊರಿಕೊದ ಅರೆಸಿಬೊದಿಂದ ಪೆಟೆಂಗಿಲ್ ಮತ್ತು ಡೈಸ್ ಎಂಬಿಬ್ಬರು ಬುಧಕ್ಕೆ ರೇಡಾರ್ ಅಲೆ ಹಾಯಿಸಿ, ಮರಳಿ ಬಂದ ಅಲೆಯನ್ನು ಅಳೆದರು. ಗ್ರಹದ ಒಂದು ಮಗ್ಗುಲು ನಮ್ಮ ಕಡೆಗೂ ಇನ್ನೊಂದು ಮಗ್ಗುಲು ಆಚೆಗೂ ಚಲಿಸುವುದರಿಂದ ಅಲೆ ಎಷ್ಟು ಅಗಲವಾಗುತ್ತದೆ ಎಂಬುದರಲ್ಲಿ ತಿರುಗುವ ವೇಗ ಗೊತ್ತಾಗುತ್ತದೆ. ಬಂದ ಉತ್ತರ ಸುಮಾರು 59 ದಿನ.

ಹಾಗಾದರೆ ಅಷ್ಟು ಮಂದಿ ಕಣ್ಣಾರೆ ಕಂಡದ್ದೇನು? ಇಲ್ಲಿ ತುಸು ನಿಲ್ಲು, ಮುಖ್ಯವಾದ ಮಾತಿದೆ. ಸೂರ್ಯನ ಪ್ರಖರತೆಯಲ್ಲಿ ಬುಧ ಚೆನ್ನಾಗಿ ಕಾಣುವ ಸಂದರ್ಭಗಳೇ ಕಡಿಮೆ. ಒಳ್ಳೆಯ ಸಂದರ್ಭಗಳು ಸುಮಾರು 348 ದಿನಕ್ಕೊಮ್ಮೆ ಮರುಕಳಿಸುತ್ತವೆ. ಬುಧದ ನಾಲ್ಕು ವರ್ಷ ಎಂದರೆ 352 ದಿನ. ಅದು ಆರು ಬಾರಿ ತಿರುಗುವುದಕ್ಕೂ 352 ದಿನ! ಹಾಗಾಗಿ ನೋಡಿದಾಗಲೆಲ್ಲ ಹೆಚ್ಚುಕಡಿಮೆ ಅದೇ ಗುರುತುಗಳು ಅದೇ ಜಾಗದಲ್ಲಿ ಕಂಡವು. ಅವರು ಸುಳ್ಳು ಹೇಳಲಿಲ್ಲ, ಕಂಡದ್ದನ್ನೇ ಬರೆದರು. ಅವರ ಊಹೆಗೆ ವಿರುದ್ಧವಾದುದು ಕಾಣುವ ದಿನಗಳಲ್ಲಿ ಬುಧ ಅವರಿಗೆ ಕಾಣುತ್ತಿರಲಿಲ್ಲ. ಯಾವುದಾದರೂ ಮತ್ತೆ ಮತ್ತೆ ಒಂದೇ ಥರ ಕಂಡರೆ, ನಾನು ನೋಡುತ್ತಿರುವ ಹೊತ್ತೇ ಅದನ್ನು ಹಾಗೆ ಕಾಣಿಸುತ್ತಿದೆಯೋ ಎಂದು ಒಮ್ಮೆ ಕೇಳಿಕೋ. ಮನುಷ್ಯರ ವಿಷಯಕ್ಕೂ ಇದು ನಿನಗೆ ಬೇಕಾಗುತ್ತದೆ.

59 ಎಂಬ ಅಂಕಿಯನ್ನು ನೋಡಿದ ಜ್ಯುಸೆಪೆ ಕೊಲೊಂಬೊ ಎಂಬ ಇಟಲಿಯ ಗಣಿತಜ್ಞರಿಗೆ ಅದು 88ರ ಮೂರರಲ್ಲೆರಡು ಪಾಲು ಎಂದು ಹೊಳೆಯಿತು. 87.97 ದಿನದ ಮೂರರಲ್ಲೆರಡು 58.65. ಬುಧ ಎರಡು ವರ್ಷದಲ್ಲಿ ಸರಿಯಾಗಿ ಮೂರು ಬಾರಿ ತಿರುಗುತ್ತದೆ. ಕರ್ಕ್‌ವುಡ್‌ರ ಸೂತ್ರದಂತೆ ಇದೂ ಬರಿಯ ಹೊಂದಿಕೆಯೇ? ಅಲ್ಲ, ಇಲ್ಲಿ ಕಟ್ಟಿದ ಬಲ ಯಾವುದೆಂದು ತೋರಿಸಬಹುದು. ಸೂರ್ಯನ ಸೆಳೆತ ಗ್ರಹದ ಹತ್ತಿರದ ಮಗ್ಗುಲಿಗೆ ಹೆಚ್ಚು, ದೂರದ ಮಗ್ಗುಲಿಗೆ ಕಡಿಮೆ. ಆ ವ್ಯತ್ಯಾಸದಿಂದ ಗ್ರಹ ಎರಡೂ ಕಡೆ ತುಸು ಉಬ್ಬುತ್ತದೆ, ನಮ್ಮ ಕಡಲಿನ ಉಬ್ಬರದ ಹಾಗೆಯೇ. ಗ್ರಹ ಬೇಗ ತಿರುಗುತ್ತಿದ್ದರೆ ಆ ಉಬ್ಬು ಸೂರ್ಯನ ನೇರದಿಂದ ಮುಂದಕ್ಕೆ ಸರಿಯುತ್ತದೆ, ಸೂರ್ಯ ಅದನ್ನು ಹಿಂದಕ್ಕೆಳೆಯುತ್ತಾನೆ, ಗ್ರಹದ ತಿರುಗು ನಿಧಾನವಾಗುತ್ತದೆ. ದೂರ ಎರಡು ಪಟ್ಟಾದರೆ ಈ ಹಿಡಿತ ಅರವತ್ತನಾಲ್ಕರಲ್ಲಿ ಒಂದು ಪಾಲಿಗೆ ಇಳಿದುಬಿಡುತ್ತದೆ. ಗುರು, ಶನಿಗಳನ್ನು ಅದು ಮುಟ್ಟಲಾರದು, ಹತ್ತಿರದ ಬುಧವನ್ನು ಬಿಡಲಾರದು. ಬುಧದ ದಾರಿ ಪೂರ್ತಿ ವೃತ್ತವಲ್ಲ, ದೀರ್ಘವೃತ್ತ, ಸೂರ್ಯನಿಗೆ 4.6 ಕೋಟಿ ಕಿಲೋಮೀಟರಿನಷ್ಟು ಹತ್ತಿರವೂ ಬರುತ್ತದೆ, ಸುಮಾರು 7 ಕೋಟಿಯಷ್ಟು ದೂರವೂ ಹೋಗುತ್ತದೆ. ತೀರ ಹತ್ತಿರ ಬಂದಾಗಿನ ಹಿಡಿತವೇ ಬಲವಾದದ್ದು. ಆಗಿನ ವೇಗಕ್ಕೆ ಹೊಂದಿಕೊಂಡು ಅದು ಮೂರಕ್ಕೆರಡರಲ್ಲಿ ನಿಂತಿದೆ.

ಈಗ ಕಳೆ. ಮೂರು ತಿರುಗು, ಎರಡು ಸುತ್ತು. ಮೂರರಲ್ಲಿ ಎರಡು ಹೋದರೆ ಒಂದು. ಬುಧದ ಎರಡು ವರ್ಷಕ್ಕೆ ಒಂದು ಹಗಲು, ಒಂದು ರಾತ್ರಿ! ಅಲ್ಲಿ ಸೂರ್ಯ ಹುಟ್ಟಿದರೆ ಮತ್ತೆ ಹುಟ್ಟುವುದು ನಮ್ಮ 176 ದಿನಗಳ ಮೇಲೆ. 1974–75ರಲ್ಲಿ ಮ್ಯಾರಿನರ್ 10 ಎಂಬ ನೌಕೆ ಬುಧದ ಹತ್ತಿರ ಮೂರು ಬಾರಿ ಹಾದುಹೋಯಿತು. ಹಾಗೆ ಮರಳಿ ಮರಳಿ ಬರುವ ದಾರಿಯನ್ನು ಸೂಚಿಸಿದವರೂ ಅದೇ ಕೊಲೊಂಬೊ. ಆ ದಾರಿಯಲ್ಲಿ ನೌಕೆ ಬುಧವನ್ನು ಸಂಧಿಸುತ್ತಿದ್ದುದು 176 ದಿನಕ್ಕೊಮ್ಮೆ. ಹೀಗಾಗಿ ಮೂರು ಸಲವೂ ಬಿಸಿಲಿದ್ದುದು ಅದೇ ಅರ್ಧಕ್ಕೆ. ಬುಧದ ಅರ್ಧಕ್ಕೂ ಕಡಿಮೆ ಭಾಗದ ಚಿತ್ರ ಮಾತ್ರ ಸಿಕ್ಕಿತು. ಉಳಿದ ಅರ್ಧ ಪೂರ್ತಿ ಕಾಣಲು 21ನೇ ಶತಮಾನದ ಮೆಸೆಂಜರ್ ನೌಕೆ ಹೋಗಬೇಕಾಯಿತು.

ಚಂದ್ರನ ಮೇಲೂ ಇದೇ ಹಿಡಿತ, ಹಿಡಿದದ್ದು ಭೂಮಿ. ಅದು ತಿರುಗುವುದೂ ನಮ್ಮನ್ನು ಸುತ್ತುವುದೂ 27.32 ದಿನಕ್ಕೆ. ಒಂದರಲ್ಲಿ ಒಂದು ಕಳೆದರೆ ಸೊನ್ನೆ: ಚಂದ್ರನ ಮೇಲೆ ನಿಂತವರಿಗೆ ಭೂಮಿ ಹುಟ್ಟುವುದೂ ಇಲ್ಲ, ಮುಳುಗುವುದೂ ಇಲ್ಲ. ಸೂರ್ಯ ಮಾತ್ರ ಹುಟ್ಟಿ ಮುಳುಗುತ್ತಾನೆ. ನಮ್ಮ ಒಂದು ವರ್ಷದಲ್ಲಿ ಚಂದ್ರ 13.37 ಬಾರಿ ತಿರುಗುತ್ತದೆ, ಒಂದು ಕಳೆದರೆ 12.37. ಅಂದರೆ ಚಂದ್ರನ ಮೇಲಿನ ಒಂದು ದಿನ 29.53 ದಿನ, ಸರಿಯಾಗಿ ನಮ್ಮ ಅಮಾವಾಸ್ಯೆಯಿಂದ ಅಮಾವಾಸ್ಯೆಗೆ. ಆ ಉಳಿದ 0.37 ಇದೆಯಲ್ಲ, ಅದೇ ಅಧಿಕಮಾಸದ ಮೂಲ. 19 ವರ್ಷಕ್ಕೆ ಅದು ಏಳು ತಿಂಗಳಾಗುತ್ತದೆ, ಪಂಚಾಂಗದಲ್ಲಿ 19 ವರ್ಷಕ್ಕೆ ಏಳು ಅಧಿಕಮಾಸ.

2023ರಲ್ಲಿ ಅಧಿಕ ಶ್ರಾವಣ ಬಂದಿತ್ತು, ನೆನಪಿದೆಯೇ? ಅದು ಮುಗಿದು ನಿಜ ಶ್ರಾವಣದಲ್ಲಿ, ಆಗಸ್ಟ್ 23ರಂದು ನಮ್ಮ ವಿಕ್ರಮ್ ನೌಕೆ ಚಂದ್ರನ ಮೇಲಿಳಿಯಿತು. ಆ ಜಾಗದಲ್ಲಿ ಸೂರ್ಯ ಹುಟ್ಟುವ ಹೊತ್ತಿಗೇ ಇಳಿಸಿದ್ದರು. ಸೌರಫಲಕಗಳಿಂದ ನಡೆಯುವ ವಿಕ್ರಮ್, ಅದು ಹೊತ್ತೊಯ್ದ ಪುಟ್ಟ ಬಂಡಿ ಪ್ರಜ್ಞಾನ್‌ಗಳಿಗೆ ಚಂದ್ರನ ಒಂದು ಹಗಲು, ಅಂದರೆ ನಮ್ಮ ಸುಮಾರು 14 ದಿನವೇ ಆಯುಸ್ಸು ಎಂದು ಮೊದಲೇ ಲೆಕ್ಕ ಹಾಕಿದ್ದರು. ಸೆಪ್ಟೆಂಬರ್ ಮೊದಲ ವಾರದಲ್ಲಿ ಸಂಜೆಯಾಗುವ ಮುಂಚೆ ಎರಡನ್ನೂ ಮಲಗಿಸಿದರು. ಅವನ್ನು ನಿಯಂತ್ರಿಸುತ್ತಿದ್ದ ಬೆಂಗಳೂರಿನ ಕೇಂದ್ರ ಇಸ್ಟ್ರಾಕ್‌ನಲ್ಲಿ ಕೂತವರು ಆ ಎರಡು ವಾರ ಎರಡು ಬಗೆಯ ದಿನಗಳ ಲೆಕ್ಕವನ್ನೂ ಇಟ್ಟುಕೊಂಡು ಕೆಲಸ ಮಾಡಿದರು. ಯಾವುದಕ್ಕೆ ಹೋಲಿಸಿ ಎಣಿಸುತ್ತಿದ್ದೇನೆ ಎಂಬ ಪ್ರಶ್ನೆ ಅಲ್ಲಿ ಪರೀಕ್ಷೆಯ ಅಂಕಕ್ಕಾಗಿ ಇರಲಿಲ್ಲ. ನಿನಗೆ ಒಂದು ದಿನ ಅಂಥ ಜಾಗದಲ್ಲಿ ಕೂರುವ ಆಸೆ ಇದ್ದರೆ ಈಗಿನಿಂದಲೇ ಅದನ್ನು ಅಭ್ಯಾಸ ಮಾಡಿಕೋ.

ಭೂಮಿಯ ದಿನವೂ ಇದ್ದಲ್ಲೇ ಇಲ್ಲ ಪುಟ್ಟೀ. ಚಂದ್ರ ಎಬ್ಬಿಸುವ ಉಬ್ಬರವಿಳಿತ ನಮ್ಮ ತಿರುಗನ್ನು ನಿಧಾನ ಮಾಡುತ್ತಿದೆ. ದಿನ ಶತಮಾನಕ್ಕೆ ಸುಮಾರು ಎರಡು ಮಿಲಿಸೆಕೆಂಡಿನಷ್ಟು ಉದ್ದವಾಗುತ್ತಿದೆ, ಚಂದ್ರ ವರ್ಷಕ್ಕೆ 3.8 ಸೆಂಟಿಮೀಟರ್ ದೂರ ಸರಿಯುತ್ತಿದೆ. ಇಷ್ಟು ಸಣ್ಣದನ್ನು ಯಾರು ನೋಡಿದರು ಎನ್ನುತ್ತೀಯ, ಹವಳಗಳು ನೋಡಿವೆ. ಅವು ಬೆಳೆಯುವಾಗ ದಿನಕ್ಕೊಂದು ಎಂಬಂತೆ ತೀರ ಸಣ್ಣ ಗೆರೆ ಬಿಡುತ್ತವೆ, ವರ್ಷದ ಋತುಗಳಿಗೆ ತಕ್ಕಂತೆ ದಪ್ಪ ಪಟ್ಟಿಗಳೂ ಮೂಡುತ್ತವೆ. ಅಮೆರಿಕದ ಜಾನ್ ವೆಲ್ಸ್ ಎಂಬ ವಿಜ್ಞಾನಿ ಡಿವೋನಿಯನ್ ಯುಗದ, ಅಂದರೆ ಸುಮಾರು 40 ಕೋಟಿ ವರ್ಷ ಹಳೆಯ ಹವಳದ ಪಳೆಯುಳಿಕೆಗಳಲ್ಲಿ ಆ ಗೆರೆಗಳನ್ನು ಎಣಿಸಿ 1963ರಲ್ಲಿ ಪ್ರಕಟಿಸಿದರು. ಒಂದು ವರ್ಷಕ್ಕೆ ಸುಮಾರು 400 ಗೆರೆ! ವರ್ಷದ ಉದ್ದ ಇಂದಿನಷ್ಟೇ ಇತ್ತು, ದಿನ ಮಾತ್ರ 22 ಗಂಟೆಯ ಆಸುಪಾಸಿನಲ್ಲಿತ್ತು. ದಿನ, ವರ್ಷಗಳು ಎರಡು ಬೇರೆ ಕಾರಣಗಳಿಂದ ಬಂದವು ಎಂದು ಮೊದಲೇ ಹೇಳಿದೆನಲ್ಲ, ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ. ಒಂದು ಬದಲಾಯಿತು, ಇನ್ನೊಂದು ಕದಲಲಿಲ್ಲ.

ಹೀಗಿರುವಾಗ ವರ್ಷದಲ್ಲಿ ಪೂರ್ತಿ ಸಂಖ್ಯೆಯ ದಿನಗಳು ಇರಬೇಕೆಂದು ಭೂಮಿ ಯಾರಿಗೂ ಮಾತು ಕೊಟ್ಟಿಲ್ಲ. ಋತುಗಳ ವರ್ಷ 365.2422 ದಿನ. ನಾಲ್ಕು ವರ್ಷಕ್ಕೊಂದು ಫೆಬ್ರವರಿ 29 ಸೇರಿಸುವುದೂ, 1900ರಲ್ಲಿ ಅದನ್ನು ಬಿಟ್ಟು 2000ದಲ್ಲಿ ಇಟ್ಟುಕೊಂಡದ್ದೂ, 2100ರಲ್ಲಿ ಮತ್ತೆ ಬಿಡುವುದೂ ಈ ಚಿಲ್ಲರೆಗಾಗಿ. ಮಂಗಳದಲ್ಲೂ ಹಾಗೆಯೇ, ಅಲ್ಲಿಯ ವರ್ಷಕ್ಕೆ ಅಲ್ಲಿಯ ಸುಮಾರು 668.6 ದಿನ. ಎಂದಾದರೂ ಅಲ್ಲಿ ಕ್ಯಾಲೆಂಡರ್ ಮಾಡುವವರೂ ಈ ಚಿಲ್ಲರೆಗೆ ದಾರಿ ಹುಡುಕಬೇಕು.

ಕೊನೆಗೆ ಶುಕ್ರವನ್ನು ನಿನಗೇ ಬಿಡುತ್ತೇನೆ. ಅದು ಉಳಿದ ಹೆಚ್ಚಿನ ಗ್ರಹಗಳಿಗೆ ತಿರುವುಮುರುವಾಗಿ, ಪೂರ್ವದಿಂದ ಪಶ್ಚಿಮಕ್ಕೆ ತಿರುಗುತ್ತದೆ. ಒಂದು ತಿರುಗಿಗೆ 243.02 ದಿನ, ವರ್ಷ 224.70 ದಿನ. ಅಲ್ಲಿ ಸೂರ್ಯ ಪಶ್ಚಿಮದಲ್ಲಿ ಹುಟ್ಟಿ ಪೂರ್ವದಲ್ಲಿ ಮುಳುಗುತ್ತಾನೆ. ಶುಕ್ರದ ಒಂದು ದಿನವನ್ನು ಆರ್ಯಭಟನ ಕಳೆಯುವ ಲೆಕ್ಕದಿಂದ ತೆಗೆ. ಸುಮಾರು 116.75 ದಿನ ಬಂದರೆ ಸರಿಯಾಗಿದೆ. ಆಮೇಲೆ ಅದನ್ನು ಐದರಿಂದ ಗುಣಿಸು. ಶುಕ್ರ ನಮಗೆ ಅತಿ ಹತ್ತಿರ ಬರುವುದು 583.92 ದಿನಕ್ಕೊಮ್ಮೆ. ನಿನ್ನ ಗುಣಲಬ್ಧ ಅದಕ್ಕೆ ಎಷ್ಟು ಸಮೀಪ ಬರುತ್ತದೆಂದು ನೋಡಿದರೆ ಎದೆ ಧಸಕ್ಕೆನ್ನುತ್ತದೆ. ಹತ್ತಿರ ಬಂದಾಗಲೆಲ್ಲ ಶುಕ್ರ ನಮಗೆ ಹೆಚ್ಚುಕಡಿಮೆ ಅದೇ ಮುಖ ತೋರಿಸುತ್ತದೆ. ಭೂಮಿಯೇ ಶುಕ್ರವನ್ನು ಹಿಡಿದಿಟ್ಟಿದೆಯೇ ಎಂದು ಗೋಲ್ಡ್‌ರೈಕ್ ಮತ್ತು ಪೀಲ್ ಎಂಬ ವಿಜ್ಞಾನಿಗಳು 1960ರ ದಶಕದಲ್ಲಿ ಗಂಭೀರವಾಗಿ ಪರಿಶೀಲಿಸಿದರು. ಹಾಗಾಗಿದ್ದರೆ ಅದು ತಿರುಗುವ ಕಾಲ 243.16 ದಿನ ಇರಬೇಕಿತ್ತು. 1990ರ ದಶಕದಲ್ಲಿ ಮ್ಯಾಗೆಲನ್ ನೌಕೆಯ ರೇಡಾರ್ ಕೊಟ್ಟದ್ದು 243.02. ವ್ಯತ್ಯಾಸ ಒಂದು ತಿರುಗಿಗೆ ಮೂರೂವರೆ ಗಂಟೆಯಷ್ಟು, ಅಳತೆಯ ತಪ್ಪಿಗಿಂತ ಬಹಳ ದೊಡ್ಡದು. ಶುಕ್ರ ಭೂಮಿಗೆ ಕಟ್ಟಿಕೊಂಡಿಲ್ಲ.

ಮೊದಲು ಪೆನ್ಸಿಲ್ಲಿನಲ್ಲಿ ಮಾಡು, ಕ್ಯಾಲ್ಕುಲೇಟರ್ ಆಮೇಲೆ. ಶುಕ್ರದ ಒಂದು ವರ್ಷಕ್ಕೆ ಅದರ ತಿರುಗು ಎಷ್ಟು ಎಂದು ತೆಗೆದಾಗ, ಅದು ಹಿಮ್ಮುಖವಾದ್ದರಿಂದ ಮುಂದೆ ಋಣಚಿಹ್ನೆ ಹಾಕುವುದನ್ನು ಮರೆಯಬೇಡ. ಉತ್ತರವನ್ನು ಲೆಕ್ಕದ ಹಾಳೆಯ ಸಮೇತ ನನಗೆ ಕಳಿಸು.